ಚಿಲಿಕಾದ ನೀರಿನ ಲೆಕ್ಕ ಬರೆದಿಟ್ಟ ನೆಲ್ಸನ್ ಆನಂಡೇಲ್

ನದಿಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ತಾಣವನ್ನು ಕರಾವಳಿಯ ಜನ ಅಳಿವೆ ಎಂದು ಕರೆಯುತ್ತಾರೆ. ಮಳೆಗಾಲದಲ್ಲಿ ಅಲ್ಲಿನ ನೀರು ಸಪ್ಪೆ. ಬೇಸಿಗೆಯಲ್ಲಿ ಅದೇ ನೀರು ಬಾಯಿಗಿಡಲಾಗದಷ್ಟು ಉಪ್ಪು. ಈ ಏರಿಳಿತದ ನಡುವೆ ಕಣ್ಣಿಗೆ ಕಂಡೂ ಕಾಣದಂತಿರುವ ಅಸಂಖ್ಯ ಕಿರುಜೀವಿಗಳು ನೀರಿನಲ್ಲಿ ತೇಲುತ್ತ ಬಾಳುತ್ತವೆ. ವಿಜ್ಞಾನದ ಪರಿಭಾಷೆಯಲ್ಲಿ ಇವು ಪ್ರಾಣಿಪ್ಲವಕಗಳು, ಅಂದರೆ ಜೂಪ್ಲಾಂಕ್ಟನ್. ಮೀನುಮರಿಗಳ ಮೊದಲ ತುತ್ತು ಇವೇ. ಮಳೆ, ಬರ, ಚಂಡಮಾರುತಗಳ ಚಕ್ರ ತಿರುಗಿದಂತೆಲ್ಲ ಈ ಕಿರುಜೀವಿಗಳ ಸಂಸಾರವೂ ಬದಲಾಗುತ್ತದೆ. ಅದರೊಡನೆ ಮೀನುಗಾರನ ಬಲೆಗೆ ಬೀಳುವ ಮೀನಿನ ಲೆಕ್ಕವೂ ಬದಲಾಗುತ್ತದೆ.

ಭಾರತದ ಸವಳು ನೀರಿನ ಜೀವಿಗಳನ್ನು ಋತುಗಳಿಗೆ ಜೋಡಿಸಿ ದಾಖಲಿಸಿದ ಮೊದಲಿಗರಲ್ಲಿ ಥಾಮಸ್ ನೆಲ್ಸನ್ ಆನಂಡೇಲ್ ಅಗ್ರಗಣ್ಯರು. ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾದ ಸ್ಥಾಪಕ ನಿರ್ದೇಶಕರೆಂದು ಅವರ ಹೆಸರು ಪ್ರಾಣಿಶಾಸ್ತ್ರದ ವಲಯದಲ್ಲಿ ಚಿರಪರಿಚಿತ. ಆದರೆ ಒಡಿಶಾದ ಚಿಲಿಕಾ ಸರೋವರದಲ್ಲಿ ಅವರು ನಡೆಸಿದ ಸಮೀಕ್ಷೆಯ ಮಹತ್ವ ಪೂರ್ಣವಾಗಿ ಅರಿವಿಗೆ ಬಂದದ್ದು ಅವರು ಕಾಲವಾಗಿ ಹಲವು ದಶಕಗಳು ಕಳೆದ ಮೇಲೆ.

ಎಡಿನ್‌ಬರೋದಿಂದ ಕಲ್ಕತ್ತೆಗೆ

ಆನಂಡೇಲ್ ಜನಿಸಿದ್ದು 1876ರ ಜೂನ್ 15ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ಥಾಮಸ್ ಆನಂಡೇಲ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರು. ತಾಯಿಯ ತವರು ಪುಸ್ತಕ ಪ್ರಕಾಶನಕ್ಕೆ ಹೆಸರಾದ ನೆಲ್ಸನ್ ಮನೆತನ. ರಗ್ಬಿ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿಯೂ ಓದಿದ ಯುವಕನನ್ನು ಪ್ರಾಣಿಶಾಸ್ತ್ರ ಮತ್ತು ಮಾನವಶಾಸ್ತ್ರ ಎರಡೂ ಸೆಳೆದವು. ವಿದ್ಯಾರ್ಥಿದೆಸೆಯ ಕೊನೆಯ ಹೊತ್ತಿಗೇ ಐಸ್‌ಲ್ಯಾಂಡ್, ಫೆರೋ ದ್ವೀಪಗಳನ್ನು ಸುತ್ತಿ ಬಂದಿದ್ದ ಅವರು, 1899ರಲ್ಲಿ ಮಲಯ ಪರ್ಯಾಯದ್ವೀಪಕ್ಕೆ ಹೊರಟ ಸ್ಕೀಟ್ ಅವರ ಸಂಶೋಧನಾ ತಂಡದಲ್ಲಿದ್ದರು. 1901ರಲ್ಲಿ ಹರ್ಬರ್ಟ್ ರಾಬಿನ್ಸನ್ ಅವರೊಡನೆ ಅದೇ ನಾಡಿಗೆ ಮತ್ತೆ ಹೋದರು. ಪ್ರಾಣಿಯನ್ನು ಅದು ಬಾಳುವ ನೆಲ, ನೀರು, ಗಾಳಿಗಳ ನಡುವೆಯೇ ನೋಡಬೇಕೆಂಬ ಪಾಠವನ್ನು ಈ ಯಾತ್ರೆಗಳು ಅವರಿಗೆ ಕಲಿಸಿದವು.

1904ರಲ್ಲಿ ಅವರು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿಗೆ ಉಪ ಅಧೀಕ್ಷಕರಾಗಿ ಬಂದರು. ಆಗ ಆಲ್ಫ್ರೆಡ್ ಆಲ್ಕಾಕ್ ಅಲ್ಲಿನ ಅಧೀಕ್ಷಕರು. ಆಲ್ಕಾಕ್ ಹುದ್ದೆ ತೊರೆದ ಬಳಿಕ 1907ರಲ್ಲಿ ಆನಂಡೇಲ್ ಅವರೇ ಅಧೀಕ್ಷಕರಾದರು. ಅದೇ ವರ್ಷ ವಸ್ತುಸಂಗ್ರಹಾಲಯದ ಎರಡು ವೈಜ್ಞಾನಿಕ ಪತ್ರಿಕೆಗಳನ್ನು ಆರಂಭಿಸಿದರು. ಭಾರತದಲ್ಲಿ ಸಿಕ್ಕ ಜೀವಿಯ ವಿವರಣೆಯು ಭಾರತದಲ್ಲಿಯೇ ಅಚ್ಚಾಗುವುದಕ್ಕೆ ಇದರಿಂದ ದಾರಿಯಾಯಿತು. ಮುಂದೆ ಚಿಲಿಕಾದ ಫಲಿತಾಂಶಗಳು ಬಹುಮಟ್ಟಿಗೆ ಪ್ರಕಟವಾದದ್ದು ಇವುಗಳಲ್ಲಿ ಒಂದಾದ ಸ್ಮರಣಸಂಪುಟಗಳ ಮಾಲೆಯಲ್ಲಿ.

ಕೊಳದಿಂದ ಸರೋವರಕ್ಕೆ

ಕಲ್ಕತ್ತೆಯ ದಕ್ಷಿಣಕ್ಕೆ, ಸುಂದರಬನದ ಅಂಚಿನಲ್ಲಿ, ಮಾತಲಾ ನದಿಯ ದಡದಲ್ಲಿ ಪೋರ್ಟ್ ಕ್ಯಾನಿಂಗ್ ಎಂಬ ಊರಿದೆ. ಅಲ್ಲಿನ ಸವಳು ನೀರಿನ ಕೊಳಗಳು ಆನಂಡೇಲ್ ಅವರ ಮೊದಲ ಪ್ರಯೋಗಶಾಲೆಯಾದವು. ಕಡಲಿನ ವಂಶದ ಹೂಪ್ರಾಣಿಗಳೂ ಹಾವಸೆಯಂಥ ಜೀವಿಗಳೂ ಆ ಕೊಳಗಳಲ್ಲಿ ನೆಲೆಸಿದ್ದವು. ಮಳೆ ಬಂದಾಗ ನೀರು ಸಪ್ಪೆಯಾಗುತ್ತಿತ್ತು, ಬಿಸಿಲಿಗೆ ಮತ್ತೆ ಉಪ್ಪಾಗುತ್ತಿತ್ತು. ಕಡಲಿನ ಜೀವಿ ಈ ಎರಡನ್ನೂ ತಾಳಿಕೊಂಡು ಹೇಗೆ ಬಾಳುತ್ತದೆ? ಈ ಕುರಿತ ಅವರ ಬರಹಗಳು 1907ರಿಂದಲೇ ಪ್ರಕಟವಾಗತೊಡಗಿದವು. ಸಿಹಿನೀರಿನ ಸ್ಪಂಜುಗಳೇ ಮೊದಲಾದ ಜೀವಿಗಳ ಮೇಲೆ ಅವರು ಬರೆದ ಗ್ರಂಥ 1911ರಲ್ಲಿ ಹೊರಬಂದಿತು.

ಆದರೆ ಕೊಳ ಚಿಕ್ಕದು. ಅದೇ ಪ್ರಶ್ನೆಯನ್ನು ದೊಡ್ಡ ನೀರಿನ ಮುಂದಿಡಲು ಅವರು ಆರಿಸಿಕೊಂಡದ್ದು ಚಿಲಿಕಾ. ಬಂಗಾಳ ಕೊಲ್ಲಿಯಿಂದ ಮರಳಿನ ದಿಬ್ಬವೊಂದು ಬೇರ್ಪಡಿಸಿರುವ ಈ ಸರೋವರ ಬೇಸಿಗೆಯಲ್ಲಿ ಸುಮಾರು 900 ಚದರ ಕಿಲೋಮೀಟರ್ ಹರಡಿದ್ದರೆ ಮಳೆಗಾಲದಲ್ಲಿ 1,100 ಚದರ ಕಿಲೋಮೀಟರನ್ನು ಮೀರುತ್ತದೆ. ಉತ್ತರದಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮುಂತಾದ ಹೊಳೆಗಳು ಪ್ರವಾಹದ ನೀರನ್ನು ತಂದು ಸುರಿಯುತ್ತವೆ. ಇನ್ನೊಂದು ಕಡೆಯಿಂದ ಕಿರಿದಾದ ಕಾಲುವೆಯ ಮೂಲಕ ಕಡಲು ಒಳಬರುತ್ತದೆ. ಎರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದನ್ನು ನಿರ್ಧರಿಸುವುದು ಋತು.

1913 ಮತ್ತು 1914ರಲ್ಲಿ ಆನಂಡೇಲ್ ತಮ್ಮ ಸಹೋದ್ಯೋಗಿ ಸ್ಟ್ಯಾನ್ಲಿ ಕೆಂಪ್ ಅವರೊಡನೆ ಚಿಲಿಕಾದ ಸಮೀಕ್ಷೆಯನ್ನು ಕೈಗೊಂಡರು. ಒಮ್ಮೆ ಹೋಗಿ ಬಲೆಯಾಡಿಸಿ, ಸಿಕ್ಕಿದ್ದನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹೆಸರಿನ ಚೀಟಿ ಅಂಟಿಸಿ ಮರಳುವುದು ಅಂದಿನ ಸಂಗ್ರಾಹಕರ ಸಾಮಾನ್ಯ ಕ್ರಮವಾಗಿತ್ತು. ಇವರು ಹಾಗೆ ಮಾಡಲಿಲ್ಲ. ಬೇರೆ ಬೇರೆ ಋತುಗಳಲ್ಲಿ ಅದೇ ಸರೋವರಕ್ಕೆ ಮತ್ತೆ ಮತ್ತೆ ಬಂದರು. ಜೀವಿಗಳೊಡನೆ ನೀರನ್ನೂ ಪರೀಕ್ಷಿಸಿ ಅದರ ಉಪ್ಪಿನಂಶವನ್ನು ಗುರುತು ಮಾಡಿಕೊಂಡರು. ಯಾವ ಪ್ರಾಣಿ ಸಿಕ್ಕಿತು ಎಂಬುದರೊಡನೆ ಎಲ್ಲಿ, ಯಾವ ತಿಂಗಳು, ಎಂಥ ನೀರಿನಲ್ಲಿ ಎಂಬುದನ್ನೂ ಬರೆದರು.

ಸರೋವರದ ಎರಡು ಮುಖಗಳು

ಈ ಕ್ರಮದಿಂದ ಹೊರಬಿದ್ದ ಚಿತ್ರ ಸ್ಪಷ್ಟವಾಗಿತ್ತು. ಪ್ರವಾಹದ ತಿಂಗಳುಗಳಲ್ಲಿ ಸರೋವರದ ಬಹುಭಾಗ ಸಿಹಿನೀರಿನ ಕೆರೆಯಂತಾಗುತ್ತದೆ. ಹೊಳೆಗಳ ಜೊತೆ ಸಿಹಿನೀರಿನ ಕಿರುಜೀವಿಗಳು ಒಳಬರುತ್ತವೆ. ಕಡಲಿನವು ಕಾಲುವೆಯ ಕಡೆಗೆ ಹಿಮ್ಮೆಟ್ಟುತ್ತವೆ ಇಲ್ಲವೇ ಅಳಿಯುತ್ತವೆ. ಮಳೆ ನಿಂತು ಹೊಳೆಗಳು ಸೊರಗಿದಂತೆ ಉಪ್ಪು ಮರಳುತ್ತದೆ, ಅದರ ಬೆನ್ನಿಗೆ ಕಡಲಿನ ಜೀವಿಗಳೂ ಮರಳುತ್ತವೆ. ಈ ಎರಡು ಗುಂಪುಗಳ ನಡುವೆ ಮೂರನೆಯದೊಂದಿದೆ. ಅದು ಎಲ್ಲಿಗೂ ಹೋಗುವುದಿಲ್ಲ. ಸಪ್ಪೆಯನ್ನೂ ಉಪ್ಪನ್ನೂ ತಾಳಿಕೊಂಡು ವರ್ಷವಿಡೀ ಅಲ್ಲಿಯೇ ಇರುತ್ತದೆ. ಚಿಲಿಕಾದ ನಿಜವಾದ ನಿವಾಸಿಗಳು ಇವು.

ಸಂಗ್ರಹವನ್ನು ಆನಂಡೇಲ್ ಒಬ್ಬರೇ ಇಟ್ಟುಕೊಳ್ಳಲಿಲ್ಲ. ಒಂದೊಂದು ಗುಂಪನ್ನು ಅದರ ತಜ್ಞರಿಗೆ ಹಂಚಿದರು. ಮೀನುಗಳ ಅಧ್ಯಯನ ಬಿ. ಎಲ್. ಚೌಧುರಿ ಅವರ ಪಾಲಿಗೆ ಬಂತು. ಪ್ಲವಕಗಳಲ್ಲಿ ಪ್ರಧಾನವಾದ ಕೋಪಿಪಾಡುಗಳ ಕೆಲಸವನ್ನು ವೈದ್ಯರೂ ಪ್ರಕೃತಿ ವಿಜ್ಞಾನಿಯೂ ಆಗಿದ್ದ ಸೀಮೋರ್ ಸ್ಯೂವೆಲ್ ವಹಿಸಿಕೊಂಡರು. ಸಿಗಡಿಯ ದೂರದ ಬಂಧುಗಳಾದ ಕೋಪಿಪಾಡುಗಳು ಬಹುಮಟ್ಟಿಗೆ ಒಂದು ಮಿಲಿಮೀಟರಿನ ಆಸುಪಾಸಿನವು. 1919ರಲ್ಲಿ ಸ್ಯೂವೆಲ್ ಹೊಸ ಪ್ರಭೇದಗಳನ್ನು ವಿವರಿಸಿದಾಗ ಒಂದಕ್ಕೆ ಸರೋವರದ ನೆನಪಿನಲ್ಲಿ ಅಕಾರ್ಷಿಯಾ ಚಿಲ್ಕಾಯೆನ್ಸಿಸ್ ಎಂದೂ, ಇನ್ನೊಂದಕ್ಕೆ ಆನಂಡೇಲ್ ಅವರ ಗೌರವಾರ್ಥ ಸ್ಯೂಡೋಡಯಾಪ್ಟೋಮಸ್ ಆನಂಡೇಲಿ ಎಂದೂ ಹೆಸರಿಟ್ಟರು.

ಆನಂಡೇಲಿ ಎಂಬ ಈ ಕಿರುಜೀವಿ ಮೂರನೆಯ ಗುಂಪಿಗೆ ಒಳ್ಳೆಯ ನಿದರ್ಶನ. ಹೆಚ್ಚುಕಡಿಮೆ ಸಿಹಿಯಾದ ನೀರಿನಲ್ಲಿಯೂ ಸಾಕಷ್ಟು ಉಪ್ಪಾದ ನೀರಿನಲ್ಲಿಯೂ ಅದು ಬದುಕಬಲ್ಲದು. ಮೊಟ್ಟೆಗಳನ್ನು ನೀರಿಗೆ ಬಿಡದೆ ಹೆಣ್ಣು ಅವನ್ನು ಚೀಲದಲ್ಲಿಟ್ಟು ಮೈಗಂಟಿಸಿಕೊಂಡು ಹೊರುತ್ತದೆ. ಈ ಕುಲದ ಜೀವಿಗಳು ಹಗಲನ್ನು ಬಹುಮಟ್ಟಿಗೆ ತಳದ ಸಮೀಪದಲ್ಲಿ ಕಳೆಯುತ್ತವೆ. ಮೇಲ್ಪದರದ ನೀರು ರಭಸದಿಂದ ಕಡಲಿಗೆ ಓಡುವಾಗ ತಳದಲ್ಲಿರುವುದು ಕೊಚ್ಚಿಹೋಗದಿರಲು ಒಂದು ಉಪಾಯ. ಅಕಾರ್ಷಿಯಾ ಕುಲದ ದಾರಿ ಬೇರೆ. ಅವು ಮೊಟ್ಟೆಯನ್ನು ನೀರಿಗೇ ಬಿಡುತ್ತವೆ. ಅವುಗಳಲ್ಲಿ ಹಲವು ಪ್ರಭೇದಗಳ ಮೊಟ್ಟೆಗಳು ಪ್ರತಿಕೂಲ ಕಾಲವನ್ನು ಕೆಸರಿನಲ್ಲಿ ಸುಪ್ತವಾಗಿ ಕಳೆದು, ನೀರು ಹದವಾದಾಗ ಒಡೆಯುತ್ತವೆ. ಇಂದು ಆನಂಡೇಲಿಯು ಭಾರತ ಮತ್ತು ಪೂರ್ವ ಏಷ್ಯಾದ ಅಳಿವೆಗಳಲ್ಲಿ ಬಹಳವಾಗಿ ಅಧ್ಯಯನಕ್ಕೊಳಗಾದ ಕೋಪಿಪಾಡುಗಳಲ್ಲಿ ಒಂದು. ತೈವಾನಿನಲ್ಲಿ ಮೀನುಮರಿ ಸಾಕುವವರು ಅದನ್ನು ಜೀವಂತ ಆಹಾರವಾಗಿ ಬಳಸುತ್ತಾರೆ.

ಸಂಸ್ಥೆಯ ನಿರ್ಮಾಣ

ಚಿಲಿಕಾದಲ್ಲಿ ಕಂಡದ್ದು ಬೇರೆಡೆಯೂ ನಿಜವೇ ಎಂದು ತಿಳಿಯಲು ಆನಂಡೇಲ್ 1915-16ರಲ್ಲಿ ಪೂರ್ವದೇಶಗಳ ಪ್ರವಾಸ ಕೈಗೊಂಡರು. ಜಪಾನಿನ ಬಿವಾ, ಚೀನಾದ ತಾಯ್ ಹೂ, ಸಯಾಮಿನ ತಾಲೆ ಸಾಪ್ ಸರೋವರಗಳ ಜೀವಿಗಳನ್ನು ಹೋಲಿಸಿದರು. ತಾಲೆ ಸಾಪ್ ಚಿಲಿಕಾದಂತೆಯೇ ಕಡಲಿಗೆ ಬಾಯಿ ತೆರೆದಿರುವ ಸರೋವರವಾದ್ದರಿಂದ ಆ ಹೋಲಿಕೆ ವಿಶೇಷ ಉಪಯುಕ್ತವಾಯಿತು.

1916ರ ಜುಲೈ 1ರಂದು ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಸ್ತಿತ್ವಕ್ಕೆ ಬಂತು. ಇಂಡಿಯನ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರ ಮತ್ತು ಮಾನವಶಾಸ್ತ್ರ ವಿಭಾಗಗಳೇ ಅದರ ತಳಹದಿ. ಮೊದಲ ನಿರ್ದೇಶಕರಾದ ಆನಂಡೇಲ್ ಭಾರತೀಯ ತರುಣರನ್ನು ಸಂಶೋಧನೆಗೆ ಕರೆತಂದರು. ಲಾಹೋರಿನಲ್ಲಿ ಅವರ ಕಣ್ಣಿಗೆ ಬಿದ್ದ ಸುಂದರಲಾಲ್ ಹೋರಾ ಮುಂದೆ ಮೀನುಗಳ ವಿಜ್ಞಾನದಲ್ಲಿ ವಿಶ್ವಖ್ಯಾತಿ ಗಳಿಸಿ ಅದೇ ಸಂಸ್ಥೆಯ ನಿರ್ದೇಶಕರಾದರು. ಬೈನಿ ಪ್ರಸಾದ್ ಅವರೂ ಅದೇ ಹಾದಿಯಲ್ಲಿ ಮೇಲೇರಿದರು. ಚಿಲಿಕಾದ ಜೊತೆಗಾರ ಸ್ಟ್ಯಾನ್ಲಿ ಕೆಂಪ್ 1924ರಲ್ಲಿ ಭಾರತವನ್ನು ಬಿಟ್ಟು, ಅಂಟಾರ್ಕ್ಟಿಕ್ ಸಾಗರಕ್ಕೆ ಹೊರಟ ಡಿಸ್ಕವರಿ ಹಡಗಿನ ಸಂಶೋಧನೆಯ ನಾಯಕರಾದರು.

ಬೆಂಗಳೂರಿನ ಅಧ್ಯಕ್ಷತೆ, ಅಕಾಲ ಮರಣ

1924ರ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನ ನಡೆದದ್ದು ಬೆಂಗಳೂರಿನಲ್ಲಿ. ಹಿಂದಿನ ವರ್ಷ ಲಖನೌದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಲಂಕರಿಸಿದ್ದ ಅಧ್ಯಕ್ಷ ಪೀಠ ಈ ಬಾರಿ ಆನಂಡೇಲ್ ಅವರಿಗೆ ಸಂದಿತು. ಜೀವವಿಕಾಸದ ಬಗೆಗಳನ್ನು ಕುರಿತು ಅವರು ಅಧ್ಯಕ್ಷ ಭಾಷಣ ಮಾಡಿದರು. ಅದಾಗಿ ಕೆಲವೇ ತಿಂಗಳಲ್ಲಿ, ಏಪ್ರಿಲ್ 10ರಂದು, ಕಲ್ಕತ್ತೆಯಲ್ಲಿ ಮಲೇರಿಯಾಕ್ಕೆ ತುತ್ತಾಗಿ ನಿಧನರಾದರು. ಆಗ ಅವರ ವಯಸ್ಸು 47. ಚಿಲಿಕಾದ ಕೋಪಿಪಾಡುಗಳನ್ನು ಕುರಿತ ಸ್ಯೂವೆಲ್ ಅವರ ವರದಿಯೂ ಅದೇ ವರ್ಷ ಅಚ್ಚಾಯಿತು.

ಅದೇ 1924ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ತಮ್ಮ ಲೆಕ್ಕಾಚಾರಗಳಲ್ಲಿ ಕಂಡ ಒಂದು ಮಹಾ ಏರಿಳಿತಕ್ಕೆ ದಕ್ಷಿಣದ ಆಂದೋಲನ ಎಂದು ಹೆಸರಿಟ್ಟರು. ಪೆಸಿಫಿಕ್ ಸಾಗರದ ಮೇಲೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಸೀಮೆಯಲ್ಲಿ ಅದು ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಏತದ ಎರಡು ತುದಿಗಳಂತೆ. ವಾಕರ್ ಹುಡುಕುತ್ತಿದ್ದದ್ದು ಮುಂಗಾರನ್ನು ಮುಂಚಿತವಾಗಿ ಹೇಳುವ ಉಪಾಯವನ್ನು. ಅದು ಅವರಿಗೆ ಬಯಸಿದಷ್ಟು ಒಲಿಯಲಿಲ್ಲ. ಆದರೆ ಪೆಸಿಫಿಕ್ ಸಾಗರವನ್ನು ಕೆಲವು ವರ್ಷಗಳಿಗೊಮ್ಮೆ ಕಾಯಿಸುವ ಎಲ್ ನಿನೊ ಈ ಆಂದೋಲನದ ಇನ್ನೊಂದು ಮುಖವೆಂದು 1960ರ ದಶಕದಲ್ಲಿ ಜೇಕಬ್ ಬ್ಯರ್ಕ್ನೆಸ್ ತೋರಿಸಿಕೊಟ್ಟರು.

ವಾಕರ್ ಗಾಳಿಯ ಲೆಕ್ಕವನ್ನು ಬರೆದರು, ಆನಂಡೇಲ್ ನೀರಿನ ಲೆಕ್ಕವನ್ನು ಬರೆದರು. ಇವೆರಡನ್ನೂ ಕೂಡಿಸಿ ಓದುವ ಕೆಲಸ ಮುಂದಿನ ತಲೆಮಾರುಗಳಿಗೆ ಉಳಿಯಿತು.

ವರ್ಷದ ಚಕ್ರ, ವರ್ಷಗಳ ಚಕ್ರ

ಆನಂಡೇಲ್ ಕಂಡದ್ದು ವರ್ಷದೊಳಗಿನ ಚಕ್ರ. ಅದರ ಮೇಲೆ ಹಲವು ವರ್ಷಗಳ ಚಕ್ರಗಳು ಹೇರಿಕೊಂಡಿವೆ ಎಂಬುದು ಇಂದಿನ ತಿಳಿವಳಿಕೆ. ಎಲ್ ನಿನೊ ವರ್ಷಗಳಲ್ಲಿ ಭಾರತದ ಮುಂಗಾರು ಕ್ಷೀಣಿಸುವ ಸಂಭವ ಹೆಚ್ಚು. 2002, 2009, 2015ರ ಬರಗಳು ಇದಕ್ಕೆ ಸಾಕ್ಷಿ. ಮಳೆ ಕಡಿಮೆಯಾದರೆ ಹೊಳೆಯ ನೀರು ಕಡಿಮೆ. ಉಪ್ಪು ಅಳಿವೆಯೊಳಗೆ ಇನ್ನಷ್ಟು ದೂರ ಏರುತ್ತದೆ. ಆಗ ಕಡಲಿನ ಕೋಪಿಪಾಡುಗಳೂ ಬಾಣಹುಳುಗಳೂ ಕಿರು ಲೋಳೆಮೀನುಗಳೂ ಒಳನಾಡಿನವರೆಗೆ ಬಂದು ಹೆಚ್ಚು ಕಾಲ ತಂಗುತ್ತವೆ. ಮಳೆ ಹೆಚ್ಚಾದ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾಗಿ ರೋಟಿಫರ್, ನೀರುಚಿಗಟದಂಥ ಸಿಹಿನೀರಿನ ಜೀವಿಗಳ ಕಾಲ ದೀರ್ಘವಾಗುತ್ತದೆ. ಪ್ರವಾಹ ತರುವ ಕೆಸರು ಬೆಳಕನ್ನು ತಡೆಯುತ್ತದೆ. ಅದು ತರುವ ಪೋಷಕಾಂಶಗಳು ನೀರು ತಿಳಿಯಾದ ಮೇಲೆ ಸಸ್ಯಪ್ಲವಕಗಳನ್ನು ಬೆಳೆಸಿ, ಅವನ್ನು ಮೇಯುವ ಪ್ರಾಣಿಪ್ಲವಕಗಳಿಗೆ ಸುಗ್ಗಿಯನ್ನು ತರುತ್ತವೆ.

ಈ ಲೆಕ್ಕ ಸರಳವೂ ಅಲ್ಲ. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ಭಾರತದ ಮುಂಗಾರು ಸಾಧಾರಣ ಮಟ್ಟದಲ್ಲಿಯೇ ಇತ್ತು. ಹಿಂದೂ ಮಹಾಸಾಗರದ ಪೂರ್ವ ಮತ್ತು ಪಶ್ಚಿಮ ಭಾಗಗಳ ನಡುವೆಯೂ ಬಿಸಿಯ ಏರಿಳಿತವೊಂದಿದೆ ಎಂದು 1999ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದರ ನಾಲ್ವರು ಲೇಖಕರಲ್ಲಿ ಪಿ. ಎನ್. ವಿನಯಚಂದ್ರನ್ ಒಬ್ಬರು; ಇನ್ನೊಬ್ಬರಾದ ಬಿ. ಎನ್. ಗೋಸ್ವಾಮಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಒಂದು ಚಕ್ರ ತಡೆದ ಮಳೆಯನ್ನು ಇನ್ನೊಂದು ತಂದುಕೊಡಬಲ್ಲದು. ಆದ್ದರಿಂದ ಅಳಿವೆಯ ಜೀವಿಗಳ ಏರಿಳಿತವನ್ನು ಅರಿಯಲು ಒಂದೆರಡು ವರ್ಷಗಳ ಬಲೆ ಸಾಲದು, ದಶಕಗಳ ದಾಖಲೆ ಬೇಕು.

ಅಂಥ ದಾಖಲೆಯ ಬೆಲೆಯನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಅಳಿವೆ ತೋರಿಸಿಕೊಟ್ಟಿದೆ. ಅಲ್ಲಿ 1972ರಿಂದ ಪ್ರಾಣಿಪ್ಲವಕಗಳನ್ನು ಕ್ರಮವಾಗಿ ಎಣಿಸಲಾಗುತ್ತಿದೆ. 1986ರ ಆರಂಭದ ಮಹಾಪ್ರವಾಹ ಅಳಿವೆಯ ತಳದ ಜೀವಿಗಳನ್ನು ಕೊಚ್ಚಿಹಾಕಿತು. ಅದೇ ವರ್ಷ ಏಷ್ಯಾ ಮೂಲದ ಚಿಪ್ಪುಜೀವಿಯೊಂದು ಅಲ್ಲಿ ಪತ್ತೆಯಾಯಿತು. ಬಳಿಕ 1987ರಿಂದ 1992ರವರೆಗೆ ಬರ. ಉಪ್ಪು ಮೇಲೇರಿದ ನೀರಿನಲ್ಲಿ ಆ ಹೊಸ ಚಿಪ್ಪು ಬೇರೂರಿ, ಸಸ್ಯಪ್ಲವಕಗಳನ್ನು ಸೋಸಿ ತಿಂದಿತು. ಮೀನುಮರಿಗಳ ಆಹಾರವಾಗಿದ್ದ ಹಳೆಯ ಕೋಪಿಪಾಡು ಕ್ಷೀಣಿಸಿತು. ಆನಂಡೇಲಿಯ ಕುಲಕ್ಕೇ ಸೇರಿದ ಏಷ್ಯಾದ ಇನ್ನೊಂದು ಕೋಪಿಪಾಡು ಆ ಜಾಗದಲ್ಲಿ ನೆಲೆಯೂರಿತು. ಪ್ರವಾಹಕ್ಕೆ ಮುಂಚಿನ ಎಣಿಕೆ ಇಲ್ಲದಿದ್ದರೆ ಈ ಸರಣಿಯನ್ನು ಬಿಡಿಸಿ ಹೇಳುವುದು ಸಾಧ್ಯವಾಗುತ್ತಿರಲಿಲ್ಲ.

ಚಿಲಿಕಾ ಸಾಯತೊಡಗಿದಾಗ

ಚಿಲಿಕಾಕ್ಕೂ ಕಷ್ಟಕಾಲ ಬಂತು. ಹೊಳೆಗಳು ತಂದ ಹೂಳಿನಿಂದ ಸರೋವರ ಆಳ ಕಳೆದುಕೊಂಡಿತು. ಕಡಲಿನ ಕಾಲುವೆ ಮರಳಿನಿಂದ ಮುಚ್ಚುತ್ತ ಬಂತು. ಉಪ್ಪು ಇಳಿಯಿತು, ಸಿಹಿನೀರಿನ ಕಳೆ ಹಬ್ಬಿತು, ಮೀನು ಸಿಗಡಿಗಳು ಕುಸಿದವು. 1981ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದ ಸರೋವರವನ್ನು 1993ರಲ್ಲಿ ಅಪಾಯದಲ್ಲಿರುವ ಜೌಗುತಾಣಗಳ ಸಾಲಿಗೆ ಇಳಿಸಲಾಯಿತು. ಸುಮಾರು 2 ಲಕ್ಷ ಮೀನುಗಾರರ ಅನ್ನ ಆ ನೀರಿನಲ್ಲಿತ್ತು.

2000ದ ಸೆಪ್ಟೆಂಬರ್ 23ರಂದು ಸಾತಪಡಾದ ಸಮೀಪ ಕಡಲಿಗೆ ಹೊಸ ಬಾಯಿಯನ್ನು ತೆರೆಯಲಾಯಿತು. ಉಪ್ಪುನೀರು ಮರಳಿತು, ಕೆಲವೇ ವರ್ಷಗಳಲ್ಲಿ ಮೀನಿನ ಇಳುವರಿ ಹಲವು ಪಟ್ಟು ಏರಿತು. 2002ರಲ್ಲಿ ಅಪಾಯದ ಸಾಲಿನಿಂದ ಚಿಲಿಕಾ ಹೊರಬಂತು. ಸರೋವರವನ್ನು ಯಾವ ಸ್ಥಿತಿಗೆ ಮರಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಆನಂಡೇಲ್ ಮತ್ತು ಕೆಂಪ್ ಬರೆದಿಟ್ಟ ಪುಟಗಳು ಹಳೆಯ ಅಳತೆಗೋಲಾಗಿ ಒದಗುತ್ತವೆ. ಹಾಗೆಂದು ಸರೋವರ ನಿಶ್ಚಲವಾಗಿಲ್ಲ. 2013ರ ಫೈಲಿನ್ ಚಂಡಮಾರುತದ ಮಳೆ ಅದನ್ನು ಸಿಹಿನೀರಿನಿಂದ ತುಂಬಿತು. 2019ರ ಫನಿ ಚಂಡಮಾರುತ ಮರಳ ದಿಬ್ಬದಲ್ಲಿ ಹೊಸ ಬಾಯಿಗಳನ್ನು ತೆರೆಯಿತು.

ನಮ್ಮ ಅಳಿವೆಗಳಿಗೆ ಪಾಠ

ಕರ್ನಾಟಕದ ಕರಾವಳಿಯಲ್ಲಿಯೂ ಇದೇ ಪಾಠವನ್ನು ಎರಡು ನೆರೆಹೊರೆಯ ಹೊಳೆಗಳಲ್ಲಿ ಓದಬಹುದು. ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಮಳೆಗಾಲದಲ್ಲಿ ಸಪ್ಪೆ, ಬೇಸಿಗೆಯಲ್ಲಿ ಉಪ್ಪು ಎಂಬ ಅದರ ತಾಳ ತಪ್ಪಿಲ್ಲ. ಬಳಚು, ಸಿಗಡಿ, ಮೀನುಗಳಿಗೆ ಅದು ಹೆಸರಾಗಿದೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಹೊನ್ನಾವರದ ಶರಾವತಿಯಲ್ಲಿ 1964ರ ಲಿಂಗನಮಕ್ಕಿ ಯೋಜನೆಯ ಬಳಿಕ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲಿಯೂ ಸಿಹಿನೀರು ಹರಿದು ಬರುತ್ತದೆ. ಉಪ್ಪು ಏರಬೇಕಾದ ತಿಂಗಳುಗಳಲ್ಲಿ ಏರುವುದಿಲ್ಲ. ಅಲ್ಲಿನ ಚಿಪ್ಪುಜೀವಿಗಳ ಸಂಪತ್ತು ಕರಗಿದೆ. ಪ್ರಕೃತಿಯ ಚಕ್ರವನ್ನು ಎಲ್ ನಿನೊ ಅಲುಗಿಸಬಲ್ಲದು, ಅಣೆಕಟ್ಟೆ ನಿಲ್ಲಿಸಿಯೇ ಬಿಡಬಲ್ಲದು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ಹೇಳಲು ನೀರಿನ ಉಪ್ಪನ್ನೂ ಅದರೊಳಗಿನ ಕಿರುಜೀವಿಗಳನ್ನೂ ತಿಂಗಳು ತಿಂಗಳು ಬಿಡದೆ ಎಣಿಸಬೇಕು.

ಆನಂಡೇಲ್ ಕಟ್ಟಿದ ಸಂಗ್ರಹಗಳಿಗೆ ನೀರೇ ಒಮ್ಮೆ ಮುಳುವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸುರಕ್ಷತೆಗಾಗಿ ಅವನ್ನು ಕಲ್ಕತ್ತೆಯಿಂದ ಕಾಶಿಗೆ ಸಾಗಿಸಲಾಯಿತು. ಮರುವರ್ಷ ವರುಣಾ ನದಿಯ ಪ್ರವಾಹ ನುಗ್ಗಿ ಬಹಳಷ್ಟು ಹಾನಿ ಮಾಡಿತು. ಆದರೆ ಅಚ್ಚಾದ ಪುಟಗಳು ಉಳಿದವು. ತಿಂಗಳು, ಜಾಗ, ನೀರಿನ ಗುಣಗಳನ್ನು ಪ್ರತಿ ಜೀವಿಯ ಹೆಸರಿನೊಡನೆ ಬರೆದಿಡುವ ಅವರ ಶಿಸ್ತಿನಿಂದಾಗಿ ನೂರು ವರ್ಷಗಳ ಹಿಂದಿನ ಚಿಲಿಕಾದೊಡನೆ ಇಂದಿನ ಚಿಲಿಕಾವನ್ನು ಹೋಲಿಸುವುದು ಸಾಧ್ಯವಾಗಿದೆ. ಅವರು ಬರೆದದ್ದು ಎರಡು ವರ್ಷಗಳ ಲೆಕ್ಕ. ಅದನ್ನು ದೇಶದ ಪ್ರತಿ ಅಳಿವೆಯಲ್ಲಿಯೂ ಮುಂದುವರಿಸುವ ಹೊಣೆ ಬಂದವರ ಮೇಲಿದೆ.